ವೇದಿಕೆಯ ಕಂಠ, ಸ್ಟುಡಿಯೋದ ಕಂಠ

1981ನೆಯ ಇಸವಿಯ ಮಾತು. ನಾನಾಗ ಮೈಸೂರಿನಲ್ಲಿ ಕನ್ನಡ ಎಂ.ಎ. ಓದುತ್ತಿದ್ದೆ. ವಿದ್ಯಾರ್ಥಿನಿಲಯದಲ್ಲಿ ನನ್ನ ಪಕ್ಕದ ಕೋಣೆಯವನು ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿ. ಮುಂಬಯಿಯಲ್ಲಿದ್ದ ಅವನ ಸೋದರಮಾವನ ಕಡೆಯಿಂದ ಒಂದು ಹಳೆಯ ರೆಕಾರ್ಡ್ ಪ್ಲೇಯರೂ ಕೆಲವು ಇಂಗ್ಲಿಷ್ ಹಾಡುಗಳ ರೆಕಾರ್ಡುಗಳೂ ಅವನ ಪಾಲಿಗೆ ಬಂದಿದ್ದವು. ಹಿಂದಿನ ವರ್ಷದ ಡಿಸೆಂಬರ್ 8ರಂದು ಬೀಟಲ್ಸ್ ತಂಡದ ಜಾನ್ ಲೆನನ್ ನ್ಯೂಯಾರ್ಕಿನಲ್ಲಿ ಗುಂಡೇಟಿಗೆ ಬಲಿಯಾಗಿದ್ದ. ಆ ದುಃಖದಲ್ಲಿ ಗೆಳೆಯ ದಿನವೂ ಸಂಜೆ ಬೀಟಲ್ಸ್ ರೆಕಾರ್ಡುಗಳನ್ನು ಹಾಕುತ್ತಿದ್ದ. ಗೋಡೆಯ ಈಚೆಗೆ ಪಂಪಭಾರತವನ್ನು ಬಿಡಿಸಿಕೊಳ್ಳಲು ಹೆಣಗುತ್ತಿದ್ದ ನಾನು ಬೇಡವೆಂದರೂ ಕೇಳಲೇಬೇಕಾಗಿತ್ತು.

ಕೇಳುತ್ತ ಕೇಳುತ್ತ ನನಗೂ ರುಚಿ ಹತ್ತಿತು. ಅದರಲ್ಲಿಯೂ 1967ರ 'ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್' ಎಂಬ ಉದ್ದ ಹೆಸರಿನ ರೆಕಾರ್ಡು ನನ್ನನ್ನು ಬೆರಗುಗೊಳಿಸಿತು. ಒಂದು ದಿನ ಅವನು ಇನ್ನೊಂದನ್ನು ಹಾಕಿದ. ಅದು 1964 ಮತ್ತು 1965ರಲ್ಲಿ ಅಮೆರಿಕದ ಹಾಲಿವುಡ್ ಬೌಲ್ ಎಂಬ ಬಯಲು ರಂಗಮಂದಿರದಲ್ಲಿ ಅದೇ ತಂಡ ನಡೆಸಿದ ಕಛೇರಿಗಳ ಮುದ್ರಣ, 1977ರಲ್ಲಿ ಹೊರಬಂದದ್ದು. ಕೇಳಿ ದಿಗಿಲಾಯಿತು. ಹಾಡಿಗಿಂತ ಹೆಚ್ಚಾಗಿ ಕೇಳುತ್ತಿದ್ದುದು ಸಾವಿರಾರು ಹುಡುಗಿಯರ ಕಿರುಚಾಟ. ಅದರ ನಡುವೆ ನಾಲ್ವರು ತರುಣರು ದಾರಿ ತಪ್ಪಿದವರಂತೆ ಅವಸರವಸರವಾಗಿ ಹಾಡುತ್ತಿದ್ದರು. ನಾನು ವಯಸ್ಸಿಗೆ ಸಹಜವಾದ ಗಡಸಿನಿಂದ ತೀರ್ಪು ಕೊಟ್ಟೆ: "ನಿನ್ನ ಗಾಯಕರು ಮೋಸಗಾರರು ಕಣೋ. ಎದುರಿಗೆ ನಿಂತು ಹಾಡೋಕೆ ಬರದೋರು ಯಂತ್ರದ ಹಿಂದೆ ಅವಿತುಕೊಂಡಿದಾರೆ."

ಅವನು ಕೋಪಗೊಳ್ಳಲಿಲ್ಲ. "ನೀನು ಪಂಪನ್ನ ಓದ್ತೀಯಲ್ಲ, ಅವನ ಬಾಯಲ್ಲಿ ಕೇಳಿದ್ದೀಯಾ?" ಎಂದ. "ಅದು ಬರೆದದ್ದು" ಎಂದೆ ನಾನು. "ಇದೂ ಬರೆದದ್ದೇ. ಟೇಪಿನ ಮೇಲೆ ಬರೆದಿದಾರೆ" ಎಂದು ಅವನು ಮತ್ತೆ ಮುಳ್ಳನ್ನು ರೆಕಾರ್ಡಿನ ಮೇಲಿಟ್ಟ. ಆ ಮಾತು ನನಗೆ ಅರ್ಥವಾಗಲು ಸುಮಾರು ಹದಿನೈದು ವರ್ಷ ಹಿಡಿಯಿತು. ಅರ್ಥವಾದ ಬಗೆಯನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಚರಿತ್ರೆಯನ್ನು ನೋಡೋಣ.

ಧ್ವನಿಮುದ್ರಣ ಹುಟ್ಟಿದಾಗ ಮೈಕು ಇರಲಿಲ್ಲ. ಗಾಯಕನು ದೊಡ್ಡದೊಂದು ತುತ್ತೂರಿಯ ಬಾಯಿಗೆ ಮುಖವಿಟ್ಟು ಹಾಡಬೇಕು; ಆ ಕಂಠದ ಬಲವೇ ಸೂಜಿಯನ್ನು ನಡುಗಿಸಿ ಮೇಣದ ಮೇಲೆ ಗೀರು ಎಳೆಯಬೇಕು. 1902ರಲ್ಲಿ ಮಿಲಾನ್ ನಗರದ ಹೋಟೆಲೊಂದರಲ್ಲಿ ಕರೂಸೋ ಹಾಡಿದ್ದು, ಅದೇ ವರ್ಷ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದು ಹೀಗೆಯೇ. ನಮ್ಮ ಕಂಪನಿ ನಾಟಕಗಳ ನಟರಿಗೆ ಯಾವ ಗುಣ ಬೇಕಾಗಿತ್ತೋ, ಅಂದರೆ ಕಟ್ಟಕಡೆಯ ಸಾಲಿಗೆ ಮುಟ್ಟುವ ತುಂಬು ಕಂಠ, ಅದೇ ಆಗ ರೆಕಾರ್ಡಿಗೂ ಬೇಕಾಗಿತ್ತು. ವೇದಿಕೆಯಲ್ಲಿ ಗೆದ್ದವನೇ ರೆಕಾರ್ಡಿನಲ್ಲಿಯೂ ಗೆಲ್ಲುತ್ತಿದ್ದ.

1925ರಲ್ಲಿ ವಿದ್ಯುತ್ ಧ್ವನಿಮುದ್ರಣ ಬಂದಿತು, ಮೈಕು ಬಂದಿತು. ಪಿಸುಮಾತಿಗೂ ಬೆಲೆ ಬಂದಿತು. ಅಮೆರಿಕದ ಬಿಂಗ್ ಕ್ರಾಸ್ಬಿ ಕಿವಿಯ ಬಳಿ ಮಾತಾಡುವಂತೆ ಹಾಡಿ ಜನಪ್ರಿಯನಾದದ್ದು ಇದರಿಂದ. ನಮ್ಮಲ್ಲಿಯೂ 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ 30 ವ್ಯಾಟ್ ಶಕ್ತಿಯ ಪ್ರೇಷಕವನ್ನಿಟ್ಟು 'ಆಕಾಶವಾಣಿ'ಯನ್ನು ಆರಂಭಿಸಿದಾಗ, ಸಭೆಯನ್ನು ಎಂದೂ ಎದುರಿಸದ ಮೃದುಕಂಠದವರಿಗೂ ಒಂದು ಬಾಗಿಲು ತೆರೆಯಿತು. ಕಂಠದ ಬಲಕ್ಕೂ ಕಂಠದ ಗುಣಕ್ಕೂ ಇದ್ದ ಹಳೆಯ ನಂಟು ಆಗಲೇ ಸಡಿಲವಾಗಿತ್ತು.

ಎರಡನೆಯ ತಿರುವು ಟೇಪಿನದು. ಜರ್ಮನಿಯಲ್ಲಿ 1930ರ ದಶಕದಲ್ಲಿ ರೂಪುಗೊಂಡ ಆಯಸ್ಕಾಂತೀಯ ಟೇಪು ಯುದ್ಧಾನಂತರ ಅಮೆರಿಕಕ್ಕೆ ಬಂದಿತು. ಟೇಪನ್ನು ಕತ್ತರಿಸಬಹುದು, ಅಂಟಿಸಬಹುದು, ಹಾಡಿದ್ದರ ಮೇಲೆ ಮತ್ತೆ ಹಾಡಿ ಸೇರಿಸಬಹುದು. 1951ರಲ್ಲಿ ಲೆಸ್ ಪಾಲ್ ಎಂಬ ಗಿಟಾರ್ ವಾದಕನು ತನ್ನ ಪತ್ನಿ ಮೇರಿ ಫೋರ್ಡ್‌ಳ ಒಂದೇ ಕಂಠವನ್ನು ಪದರ ಪದರವಾಗಿ ಪೇರಿಸಿ 'ಹೌ ಹೈ ದ ಮೂನ್' ಹಾಡನ್ನು ಸಿದ್ಧಪಡಿಸಿದ. ರೆಕಾರ್ಡು ಅಮೆರಿಕವನ್ನೆಲ್ಲ ಗೆದ್ದಿತು. ಆದರೆ ಕಛೇರಿಗೆ ಕರೆ ಬಂದಾಗ ಪೇಚಾಟಕ್ಕಿಟ್ಟಿತು. ಹಲವು ಕಂಠಗಳಾಗಿ ಕೇಳಿಸಿದ ಒಬ್ಬಳೇ ಹೆಂಗಸು ವೇದಿಕೆಯ ಮೇಲೆ ಏನು ಮಾಡಬೇಕು? ಮೇರಿಯ ತಂಗಿಯನ್ನು ಪರದೆಯ ಹಿಂದೆ ನಿಲ್ಲಿಸಿ ಹಾಡಿಸಿದರು! ಸ್ಟುಡಿಯೋದ ಹಾಡನ್ನು ವೇದಿಕೆ ಬೆನ್ನಟ್ಟುವ ಆಟ ಅಲ್ಲಿಂದ ಮೊದಲಾಯಿತೆನ್ನಬಹುದು.

ರಾಕ್ ಸಂಗೀತ ಹುಟ್ಟಿದ್ದೇ ಈ ಯುಗದಲ್ಲಿ. ಎಲ್ವಿಸ್ ಪ್ರೀಸ್ಲಿ 1954ರಲ್ಲಿ ಮೆಂಫಿಸ್ ನಗರದ ಸನ್ ಸ್ಟುಡಿಯೋದಲ್ಲಿ ಮೊದಲ ರೆಕಾರ್ಡು ಕೊಟ್ಟಾಗ, ಅದರ ಒಡೆಯ ಸ್ಯಾಮ್ ಫಿಲಿಪ್ಸ್ ಎರಡು ಟೇಪು ಯಂತ್ರಗಳನ್ನು ಹೊಂದಿಸಿ ಕಂಠದ ಹಿಂದೆಯೇ ಕ್ಷಣಾರ್ಧದಲ್ಲಿ ಮರುಕಳಿಸುವ ಒಂದು ಮಾರ್ದನಿಯನ್ನು ಸೃಷ್ಟಿಸುತ್ತಿದ್ದ. ಜನ ಎಲ್ವಿಸ್‌ನ ಕಂಠವೆಂದು ಮೆಚ್ಚಿದ್ದರಲ್ಲಿ ಆ ಮಾರ್ದನಿಯೂ ಸೇರಿತ್ತು. 1956ರ ಜನವರಿಯಲ್ಲಿ ಇನ್ನೊಂದು ಕಂಪನಿಗಾಗಿ 'ಹಾರ್ಟ್‌ಬ್ರೇಕ್ ಹೋಟೆಲ್' ಮುದ್ರಿಸುವಾಗ ಅಂಥದ್ದೇ ಪರಿಣಾಮವನ್ನು ತರಲು ಕಟ್ಟಡದ ಓಣಿಯಂಥ ಮೊಗಸಾಲೆಯನ್ನೇ ಪ್ರತಿಧ್ವನಿಯ ಕೋಣೆಯನ್ನಾಗಿ ಬಳಸಬೇಕಾಯಿತು. ಎಲ್ವಿಸ್ ವೇದಿಕೆಯ ಮೇಲೂ ಗೆದ್ದವನೇ. ಆದರೆ ಅವನ ರೆಕಾರ್ಡಿನ ಕಂಠ ಅವನೊಬ್ಬನದೇ ಆಗಿರಲಿಲ್ಲ.

ಈ ಕಥೆಯ ಹೃದಯಭಾಗ ಬೀಟಲ್ಸ್ ತಂಡದ್ದು. 1963ರ ಫೆಬ್ರುವರಿ 11ರಂದು ಲಂಡನ್ನಿನ ಆಬೆ ರಸ್ತೆಯ ಸ್ಟುಡಿಯೋದಲ್ಲಿ ಅವರು ಒಂದೇ ದಿನ ಹತ್ತು ಹಾಡುಗಳನ್ನು ಮುದ್ರಿಸಿದರು. ಲೆನನ್‌ಗೆ ನೆಗಡಿ, ಗಂಟಲು ಕೆಟ್ಟಿತ್ತು. ಎಲ್ಲಕ್ಕಿಂತ ಕಠಿಣವಾದ 'ಟ್ವಿಸ್ಟ್ ಅಂಡ್ ಶೌಟ್' ಹಾಡನ್ನು ಕೊನೆಗೆ ಉಳಿಸಿಕೊಂಡು, ಅರಚಿ ಒಂದೇ ಸಲಕ್ಕೆ ಮುಗಿಸಿದ. ಮತ್ತೊಮ್ಮೆ ಹಾಡಲು ಹೋದಾಗ ಕಂಠವೇ ಉಳಿದಿರಲಿಲ್ಲ. ಅಂದರೆ ಅವರ ಮೊದಲ ರೆಕಾರ್ಡು ವೇದಿಕೆಯ ಹಾಡಿನ ಪಡಿಯಚ್ಚು. ಲಿವರ್‌ಪೂಲಿನ ನೆಲಮಾಳಿಗೆಗಳಲ್ಲಿಯೂ ಹ್ಯಾಂಬರ್ಗಿನ ರಾತ್ರಿ ಕ್ಲಬ್ಬುಗಳಲ್ಲಿಯೂ ಗಂಟೆಗಟ್ಟಲೆ ಹಾಡಿ ಪಳಗಿದ ತರುಣರು ಅವರು. ವೇದಿಕೆಗೆ ಅಂಜುವ ಹೇಡಿಗಳೆಂದು ನಾನು ಕೊಟ್ಟ ತೀರ್ಪು ಇಲ್ಲಿಯೇ ಬಿದ್ದುಹೋಗುತ್ತದೆ.

ಹಾಗಾದರೆ ಹಾಲಿವುಡ್ ಬೌಲ್‌ನಲ್ಲಿ ಆದದ್ದೇನು? 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ನಡೆದದ್ದನ್ನು ನೋಡಿದರೆ ಉತ್ತರ ಸಿಗುತ್ತದೆ. ನೆರೆದವರು ಸುಮಾರು 55,600 ಮಂದಿ. ವಾದ್ಯಗಳಿಗೆಂದು ವಿಶೇಷವಾಗಿ ತಂದದ್ದು 100 ವ್ಯಾಟಿನ ಧ್ವನಿವರ್ಧಕಗಳು. ಕಂಠಕ್ಕೆ ಸಿಕ್ಕಿದ್ದು ಬೇಸ್‌ಬಾಲ್ ಆಟದ ಪ್ರಕಟಣೆಗಳನ್ನು ಬಿತ್ತರಿಸುವ ಮೈದಾನದ ಧ್ವನಿವರ್ಧಕಗಳು! ಗಾಯಕನಿಗೆ ತನ್ನ ಕಂಠ ತನಗೇ ಕೇಳಿಸುವಂತೆ ಕಾಲ ಬುಡದಲ್ಲಿ ತಿರುಗಿಸಿಡುವ ಪೆಟ್ಟಿಗೆಗಳು ಅಂದಿನ ಅವರ ವೇದಿಕೆಯಲ್ಲಿ ಇರಲಿಲ್ಲ. ಡ್ರಮ್ ಬಾರಿಸುತ್ತಿದ್ದ ರಿಂಗೋ ಸ್ಟಾರ್, ಮುಂದೆ ನಿಂತವರ ಬೆನ್ನು ಕುಲುಕುವುದನ್ನು ನೋಡಿ ಹಾಡು ಎಲ್ಲಿಗೆ ಬಂದಿದೆಯೆಂದು ಊಹಿಸುತ್ತಿದ್ದನಂತೆ. ಶ್ರುತಿಯೇ ಕಿವಿಗೆ ಬೀಳದಾಗ ಯಾವ ಗಾಯಕ ತಾನೇ ಶ್ರುತಿಯಲ್ಲಿ ನಿಂತಾನು? ಇನ್ನೊಂದು ಸ್ವಾರಸ್ಯವನ್ನು ಗಮನಿಸಿ. ಈ ಕಛೇರಿಯ ಚಲನಚಿತ್ರವನ್ನು ಜನರಿಗೆ ತೋರಿಸುವ ಮುನ್ನ, 1966ರ ಜನವರಿಯಲ್ಲಿ, ಅದೇ ನಾಲ್ವರು ಲಂಡನ್ನಿನ ಸ್ಟುಡಿಯೋ ಒಂದರಲ್ಲಿ ಕುಳಿತು ಕೆಟ್ಟ ಭಾಗಗಳ ಧ್ವನಿಯನ್ನು ತಿದ್ದಿ ತುಂಬಿಸಬೇಕಾಯಿತು. ಜನ ನೋಡಿದ ವೇದಿಕೆಯೊಳಗೂ ಸ್ಟುಡಿಯೋ ಸೇರಿಕೊಂಡಿತ್ತು.

ಇತ್ತ ಸ್ಟುಡಿಯೋದಲ್ಲಿ ಬೇರೆಯದೇ ಕೆಲಸ ನಡೆದಿತ್ತು. ಲೆನನ್‌ಗೆ ತನ್ನ ಕಂಠವೆಂದರೆ ತನಗೇ ಒಲ್ಲದು. ಒಂದೇ ಸಾಲನ್ನು ಎರಡು ಬಾರಿ ಹಾಡಿ ಒಂದರ ಮೇಲೊಂದು ಕೂಡಿಸಿದರೆ ಕಂಠಕ್ಕೆ ಬರುವ ತುಂಬು ಅವನಿಗೆ ಪ್ರಿಯ. ಎರಡೆರಡು ಬಾರಿ ಹಾಡುವುದು ಮಾತ್ರ ಬೇಸರ. 1966ರ ವಸಂತದಲ್ಲಿ ಆ ಸ್ಟುಡಿಯೋದ ತಂತ್ರಜ್ಞ ಕೆನ್ ಟೌನ್ಸೆಂಡ್, ಒಮ್ಮೆ ಹಾಡಿದ್ದನ್ನೇ ಇನ್ನೊಂದು ಟೇಪು ಯಂತ್ರದ ಮೂಲಕ ತುಸು ತಡವಾಗಿ ಹಾಯಿಸಿ ಜೋಡಿಸುವ ಉಪಾಯವನ್ನು ಕಂಡುಹಿಡಿದ. ಅದೇ ಏಪ್ರಿಲ್‌ನಲ್ಲಿ 'ಟುಮಾರೋ ನೆವರ್ ನೋಸ್' ಹಾಡಿಗಾಗಿ, ಪರ್ವತದ ತುದಿಯಿಂದ ದಲೈ ಲಾಮಾ ಮಂತ್ರ ಹೇಳಿದಂತೆ ತನ್ನ ಕಂಠ ಕೇಳಿಸಬೇಕೆಂದು ಲೆನನ್ ಹಟ ಹಿಡಿದ. ಇಪ್ಪತ್ತು ವರ್ಷದ ಜೆಫ್ ಎಮೆರಿಕ್ ಎಂಬ ತಂತ್ರಜ್ಞ ಆ ಕಂಠವನ್ನು ಆರ್ಗನ್ ವಾದ್ಯದ ತಿರುಗುವ ಸ್ಪೀಕರಿನ ಮೂಲಕ ಹಾಯಿಸಿ ಅವನ ಆಸೆಯನ್ನು ಈಡೇರಿಸಿದ. ಇಂಥ ಹಾಡುಗಳ ರೆಕಾರ್ಡು 'ರಿವಾಲ್ವರ್' ಆಗಸ್ಟ್‌ನಲ್ಲಿ ಹೊರಬಂದಿತು. ಅದೇ ತಿಂಗಳು ತಂಡ ಅಮೆರಿಕ ಪ್ರವಾಸ ಕೈಗೊಂಡಿತು; ಆ ರೆಕಾರ್ಡಿನ ಒಂದು ಹಾಡನ್ನೂ ವೇದಿಕೆಯಲ್ಲಿ ಹಾಡಲಿಲ್ಲ. ಹಾಡಿದ್ದು 'ಪೇಪರ್‌ಬ್ಯಾಕ್ ರೈಟರ್'ನಂಥ ಬಿಡಿ ರೆಕಾರ್ಡಿನ ಹಾಡನ್ನು. ಅದರಲ್ಲಿಯೂ ಸ್ವರಮೇಳ ಕೆಡುವ ಜಾಗ ಬಂದೊಡನೆ ಗುಂಪಿನತ್ತ ಕೈಬೀಸುತ್ತಿದ್ದರಂತೆ. ಜನ ಕಿರುಚುತ್ತಿದ್ದರು, ತಪ್ಪು ಮುಚ್ಚಿಹೋಗುತ್ತಿತ್ತು.

1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕಿನಲ್ಲಿ ಹನ್ನೊಂದು ಹಾಡು ಹಾಡಿ ಅವರು ಪ್ರವಾಸಕ್ಕೆ ಮುಕ್ತಾಯ ಹೇಳಿದರು. ಟಿಕೀಟಿನ ಕಛೇರಿ ಅದೇ ಕೊನೆ. ಆ ವರ್ಷದ ಕೊನೆಯಲ್ಲಿ ಮತ್ತೆ ಸ್ಟುಡಿಯೋ ಹೊಕ್ಕಾಗ ಸಿದ್ಧವಾದ 'ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್' ಕನ್ನಡ ಮೇಷ್ಟ್ರಾದ ನನಗೆ ವಿಶೇಷ ಪ್ರಿಯವಾದ ಪ್ರಸಂಗ. ಲೆನನ್‌ಗೆ ಒಂದು ಪಾಠದ ಆರಂಭ ಇಷ್ಟ, ಇನ್ನೊಂದು ಪಾಠದ ಉತ್ತರಾರ್ಧ ಇಷ್ಟ. ಎರಡಕ್ಕೂ ಶ್ರುತಿ ಬೇರೆ, ಗತಿ ಬೇರೆ. ನಿರ್ಮಾಪಕ ಜಾರ್ಜ್ ಮಾರ್ಟಿನ್ ಮತ್ತು ಎಮೆರಿಕ್ ಒಂದರ ವೇಗವನ್ನು ಏರಿಸಿ ಇನ್ನೊಂದರದನ್ನು ಇಳಿಸಿ, ಹಾಡಿನ ಮೊದಲ ನಿಮಿಷದ ಹೊತ್ತಿಗೆ ಎರಡು ಟೇಪುಗಳನ್ನು ಬೆಸೆದರು. ಎರಡು ಓಲೆಗರಿ ಪ್ರತಿಗಳನ್ನು ಎದುರಿಗಿಟ್ಟುಕೊಂಡು ಪಾಠಾಂತರಗಳನ್ನು ಶೋಧಿಸಿ ಒಂದು ಕಾವ್ಯವನ್ನು ಸಂಪಾದಿಸುವ ನಮ್ಮ ವಿದ್ವಾಂಸರ ಕೆಲಸಕ್ಕೂ ಇದಕ್ಕೂ ನನಗೆ ದೊಡ್ಡ ಅಂತರ ಕಾಣುವುದಿಲ್ಲ. ಹೀಗೆ ಬೆಸೆದ ಹಾಡನ್ನು ಯಾರೂ ಯಾವ ವೇದಿಕೆಯಲ್ಲಿಯೂ ಹಾಡಿರಲಿಲ್ಲ. ಅದು ಟೇಪಿನ ಮೇಲೆ ಮಾತ್ರ ಹುಟ್ಟಿದ್ದು. ನನ್ನ ಗೆಳೆಯ 'ಬರೆದದ್ದು' ಎಂದದ್ದು ಇದನ್ನೇ.

ನಮ್ಮ ಅಲಂಕಾರಶಾಸ್ತ್ರ ಕಾವ್ಯವನ್ನು ದೃಶ್ಯ, ಶ್ರವ್ಯ ಎಂದು ಎರಡಾಗಿ ವಿಂಗಡಿಸಿತು. ನಾಟಕದ ಸಿದ್ಧಿ ರಂಗದಲ್ಲಿ. ಮಹಾಕಾವ್ಯದ ಸಿದ್ಧಿ ಕಿವಿಯಲ್ಲಿ. ಮಹಾಕಾವ್ಯವನ್ನು ಆಡಿ ತೋರಿಸಲಾಗದೆಂದು ಯಾರೂ ಕವಿಯನ್ನು ದೂರಲಿಲ್ಲ. ರಾಕ್ ಸಂಗೀತ ದೃಶ್ಯಕಾವ್ಯವಾಗಿ ಹುಟ್ಟಿ, 1966ರ ಆಸುಪಾಸಿನಲ್ಲಿ ಕೆಲವರ ಕೈಯಲ್ಲಿ ಶ್ರವ್ಯಕಾವ್ಯವಾಯಿತು. ಕೇಳುವವರು ಮಾತ್ರ ಹಳೆಯ ಅಳತೆಗೋಲನ್ನೇ ಹಿಡಿದು ನಿಂತರು.

ಅಮೆರಿಕದ ಬೀಚ್ ಬಾಯ್ಸ್ ತಂಡದ ಬ್ರಯನ್ ವಿಲ್ಸನ್ ಇನ್ನೊಂದು ನಿದರ್ಶನ. 1964ರ ಡಿಸೆಂಬರಿನಲ್ಲಿ ಕಛೇರಿಗೆಂದು ಹೊರಟ ವಿಮಾನದಲ್ಲಿಯೇ ಅವನ ಮನಸ್ಸು ಕುಸಿಯಿತು. ಮುಂದೆ ತಮ್ಮಂದಿರೂ ಜೊತೆಗಾರರೂ ಊರೂರು ಸುತ್ತಿ ಹಾಡುತ್ತಿದ್ದರೆ, ಒಂದು ಕಿವಿ ಮಾತ್ರ ಸರಿಯಾಗಿ ಕೇಳುತ್ತಿದ್ದ ಈತ ಸ್ಟುಡಿಯೋದಲ್ಲಿ ಕುಳಿತು 1966ರಲ್ಲಿ 'ಪೆಟ್ ಸೌಂಡ್ಸ್' ರೆಕಾರ್ಡನ್ನೂ, ನಾಲ್ಕು ಸ್ಟುಡಿಯೋಗಳಲ್ಲಿ ತಿಂಗಳುಗಟ್ಟಲೆ ತುಂಡು ತುಂಡಾಗಿ ಮುದ್ರಿಸಿ ಜೋಡಿಸಿದ 'ಗುಡ್ ವೈಬ್ರೇಷನ್ಸ್' ಹಾಡನ್ನೂ ಕೊಟ್ಟ. 2025ರ ಜೂನ್‌ನಲ್ಲಿ ಅವನು ತೀರಿಕೊಂಡಾಗ ಲೋಕ ನೆನೆದದ್ದು ಈ ಕೋಣೆಯೊಳಗಿನ ಕೆಲಸವನ್ನು. ಸ್ಟೀಲಿ ಡ್ಯಾನ್ ತಂಡದ ಡೊನಾಲ್ಡ್ ಫೇಗನ್ ಗಾಯಕನಾದದ್ದೇ ಅರೆಮನಸ್ಸಿನಿಂದ; ಆ ತಂಡ 1974ರಲ್ಲಿ ಪ್ರವಾಸ ನಿಲ್ಲಿಸಿತು, 1993ರವರೆಗೆ ಮತ್ತೆ ಹೊರಡಲಿಲ್ಲ. ಅವರ ಅತ್ಯುತ್ತಮವೆನಿಸಿದ 'ಏಜಾ' ಬಂದದ್ದು ಆ ಅಜ್ಞಾತವಾಸದ ನಡುವೆ, 1977ರಲ್ಲಿ.

ವೇದಿಕೆಯ ಸಿಂಹವೆಂದು ಹೆಸರಾದವರಿಗೂ ಈ ಇಕ್ಕಟ್ಟು ತಪ್ಪಲಿಲ್ಲ. ಜಾಂಜಿಬಾರಿನಲ್ಲಿ ಹುಟ್ಟಿ, ನಮ್ಮ ನೆರೆಯ ಪಂಚಗಣಿಯ ಶಾಲೆಯಲ್ಲಿ ಓದಿದ ಪಾರ್ಸಿ ಬಾಲಕ ಫರೂಖ್ ಬಲ್ಸಾರಾ ಮುಂದೆ ಕ್ವೀನ್ ತಂಡದ ಫ್ರೆಡ್ಡಿ ಮರ್ಕ್ಯುರಿ ಆದ. 1975ರ 'ಬೊಹೀಮಿಯನ್ ರಾಪ್ಸಡಿ'ಯ ನಡುವಣ ಭಾಗದಲ್ಲಿ ಒಂದು ದೊಡ್ಡ ಗಾಯನವೃಂದವೇ ಹಾಡಿದಂತೆ ಕೇಳಿಸುತ್ತದೆ. ಹಾಡಿದವರು ಮೂವರೇ, 24 ಪಥಗಳ ಟೇಪಿನ ಮೇಲೆ ಮತ್ತೆ ಮತ್ತೆ ಹಾಡಿ ಪೇರಿಸಿದ್ದು. ಕಛೇರಿಯಲ್ಲಿ ಆ ಭಾಗ ಬಂದಾಗ ತಂಡ ವೇದಿಕೆಯಿಂದ ಇಳಿದುಹೋಗುತ್ತಿತ್ತು, ಟೇಪು ಹಾಡುತ್ತಿತ್ತು, ಮುಂದಿನ ಭಾಗಕ್ಕೆ ಮತ್ತೆ ಬಂದು ಸೇರಿಕೊಳ್ಳುತ್ತಿದ್ದರು. ಇದನ್ನು ನಾನು ಪ್ರಾಮಾಣಿಕತೆ ಎನ್ನುತ್ತೇನೆ. ಬಾಯಿ ಆಡಿಸಿ ನಟಿಸುವ ಬದಲು ಅವರು ಜಾಗ ಖಾಲಿ ಮಾಡಿದರು. ಗಂಟಲಿನ ಗಂಟುಗಳಿಂದ ನರಳುತ್ತಿದ್ದ ಮರ್ಕ್ಯುರಿ ರೆಕಾರ್ಡಿನಲ್ಲಿ ಮುಟ್ಟಿದ ಎಷ್ಟೋ ತಾರಸ್ವರಗಳನ್ನು ವೇದಿಕೆಯಲ್ಲಿ ಇಳಿಸಿ ಹಾಡುತ್ತಿದ್ದ. ಆದರೂ 1985ರ ಜುಲೈ 13ರಂದು ಲಂಡನ್ನಿನ ವೆಂಬ್ಲಿಯಲ್ಲಿ, ಆ ವೃಂದದ ಭಾಗವನ್ನೇ ಬಿಟ್ಟು, ಇಪ್ಪತ್ತೊಂದು ನಿಮಿಷಗಳಲ್ಲಿ ಸುಮಾರು 72,000 ಜನರನ್ನು ಆತ ಕೈಯಲ್ಲಿ ಹಿಡಿದು ಆಡಿಸಿದ. ಸ್ವರದ ಲೆಕ್ಕದಲ್ಲಿ ಸ್ಟುಡಿಯೋ ಮೇಲು; ಅಂದಿನ ಲೆಕ್ಕವೇ ಬೇರೆ. ವೇದಿಕೆಯಲ್ಲಿ ಮಾತ್ರ ಪೂರ್ಣವಾಗುವವರೂ ಇದ್ದಾರೆ. ದ ಹೂ ತಂಡ 1970ರಲ್ಲಿ ಲೀಡ್ಸ್ ವಿಶ್ವವಿದ್ಯಾಲಯದ ಊಟದ ಸಭಾಂಗಣದಲ್ಲಿ ಹಾಡಿದ ಕಛೇರಿಯ ರೆಕಾರ್ಡನ್ನು ಅವರ ಸ್ಟುಡಿಯೋ ಕೆಲಸಕ್ಕಿಂತ ಮೇಲೆಂದು ಅನೇಕ ರಸಿಕರು ಎಣಿಸುತ್ತಾರೆ.

ಹಾಗಾದರೆ ಮೋಸವೆಂಬುದು ಇಲ್ಲವೇ ಇಲ್ಲವೇ? ಇದೆ. ಮಿಲಿ ವ್ಯಾನಿಲಿ ಎಂಬ ಜೋಡಿಗೆ 1990ರಲ್ಲಿ ಕೊಟ್ಟ ಗ್ರ್ಯಾಮಿ ಪ್ರಶಸ್ತಿಯನ್ನು ಅದೇ ವರ್ಷ ಹಿಂತೆಗೆದುಕೊಂಡರು. ರೆಕಾರ್ಡಿನಲ್ಲಿದ್ದ ಕಂಠ ಆ ಇಬ್ಬರದಾಗಿರಲೇ ಇಲ್ಲ. ಅವರು ರಾಕ್ ಗಾಯಕರಲ್ಲ, ಆದರೂ ಗೆರೆ ಎಲ್ಲಿದೆಯೆಂಬುದನ್ನು ತೋರಿಸಿಕೊಟ್ಟರು. ಡಾ. ರಾಜ್‌ಕುಮಾರ್ ಅವರ ತುಟಿಗೆ ಪಿ. ಬಿ. ಶ್ರೀನಿವಾಸ್ ಅವರ ಕಂಠ ಕೂಡಿದ್ದನ್ನು ನಾವು ವರ್ಷಗಟ್ಟಲೆ ಸವಿದಿಲ್ಲವೆ? 1974ರ 'ಸಂಪತ್ತಿಗೆ ಸವಾಲ್' ಚಿತ್ರದ ನಂತರ ರಾಜ್‌ಕುಮಾರ್ ತಾವೇ ಹಾಡತೊಡಗಿದಾಗ ಅದನ್ನೂ ಸವಿದೆವು. ಯಾರೂ ಅದನ್ನು ಮೋಸವೆನ್ನಲಿಲ್ಲ. ಏಕೆಂದರೆ ಹಾಡಿದವರ ಹೆಸರು ಬಚ್ಚಿಟ್ಟದ್ದಾಗಿರಲಿಲ್ಲ. ಯಂತ್ರದ ಸಹಾಯ ಪಡೆದದ್ದರಲ್ಲಿ ದೋಷವಿಲ್ಲ. ಇನ್ನೊಬ್ಬನ ದುಡಿಮೆಯ ಮೇಲೆ ತನ್ನ ಹೆಸರು ಬರೆದುಕೊಂಡದ್ದರಲ್ಲಿದೆ.

1997ರಲ್ಲಿ ಆಟೋ-ಟ್ಯೂನ್ ಎಂಬ ಕಂಪ್ಯೂಟರ್ ಸಾಧನ ಬಂದಿತು. ಅದನ್ನು ರೂಪಿಸಿದ ಆಂಡಿ ಹಿಲ್ಡೆಬ್ರ್ಯಾಂಡ್ ಅದಕ್ಕೆ ಮುನ್ನ ಭೂಗರ್ಭದ ಕಂಪನಗಳ ಲೆಕ್ಕದಿಂದ ತೈಲವನ್ನು ಹುಡುಕುವ ಕೆಲಸದಲ್ಲಿದ್ದವನು. ತಪ್ಪಿದ ಸ್ವರವನ್ನು ಸರಿಯಾದ ಸ್ವರಕ್ಕೆ ಎಳೆದು ನಿಲ್ಲಿಸುವುದು ಅದರ ಕೆಲಸ. ವೇದಿಕೆಯ ಮೇಲೂ ಮಾಡಬಲ್ಲದು. ಅಂದರೆ ಸ್ಟುಡಿಯೋವೇ ಈಗ ವೇದಿಕೆಗೆ ಬಂದಿದೆ. ನನಗೆ ಇಲ್ಲಿ ಸಣ್ಣದೊಂದು ಅಳುಕಿದೆ. ಬೀಟಲ್ಸ್ ತಂಡದವರು ಯಂತ್ರವನ್ನು ಬಳಸಿದ್ದು ಯಾರೂ ಕೇಳಿರದ ಕಂಠವನ್ನು ಪಡೆಯಲು. ಎಲ್ಲರ ಕಂಠವನ್ನೂ ಒಂದೇ ಹದಕ್ಕೆ ತರಲು ಯಂತ್ರವನ್ನು ಬಳಸಿದರೆ, ಸ್ಟುಡಿಯೋ ಕೊಟ್ಟ ಸ್ವಾತಂತ್ರ್ಯವನ್ನು ಸ್ಟುಡಿಯೋವೇ ಕಿತ್ತುಕೊಂಡಂತೆ.

ಕೊನೆಯಲ್ಲಿ ಹೇಳುತ್ತೇನೆಂದ ಮಾತು. ಮೂವತ್ತು ವರ್ಷಗಳಿಗೂ ಮಿಕ್ಕಿ ನಾನು ಕಾಲೇಜುಗಳಲ್ಲಿ ಪಾಠ ಮಾಡಿದೆ. ನನ್ನದು ಹುಟ್ಟಾ ಸಣ್ಣ ಕಂಠ. ನೂರು ಮಂದಿಯ ತರಗತಿಯಲ್ಲಿ ನಾಲ್ಕನೆಯ ಬೆಂಚು ದಾಟುತ್ತಿರಲಿಲ್ಲ. ಏರಿಸಲು ಹೋದರೆ ಒಡೆಯುತ್ತಿತ್ತು, ಹುಡುಗರು ನಗುತ್ತಿದ್ದರು. 'ಪಿಸುಮಾತಿನ ಮೇಷ್ಟ್ರು' ಎಂಬ ಬಿರುದು ನನಗಿದ್ದದ್ದು ನನಗೆ ಗೊತ್ತಿತ್ತು. ಎಷ್ಟು ಸಿದ್ಧತೆ ಮಾಡಿಕೊಂಡು ಹೋದರೂ ಗಂಟೆ ಹೊಡೆದಾಗ ಸೋತು ಹೊರಬರುತ್ತಿದ್ದೆ. 1996ರಲ್ಲಿ ಮೊದಲ ಬಾರಿ ಬಾನುಲಿ ಭಾಷಣಕ್ಕೆ ಕರೆ ಬಂದಿತು. ಕಾರ್ಯಕ್ರಮ ನಿರ್ವಾಹಕರು ಮೈಕನ್ನು ನನ್ನ ಬಾಯಿಗೆ ಗೇಣು ದೂರಕ್ಕೆ ಎಳೆದು, "ಮೇಷ್ಟ್ರೇ, ತರಗತಿ ಅಂದುಕೋಬೇಡಿ. ಎದುರಿಗೆ ಒಬ್ಬರೇ ಕೂತಿದಾರೆ ಅಂದುಕೊಂಡು ಓದಿ" ಎಂದರು. ಎರಡು ಕಡೆ ತಡವರಿಸಿದೆ. ಆ ಸಾಲುಗಳನ್ನು ಮತ್ತೆ ಓದಿಸಿ ಟೇಪಿನಲ್ಲಿ ಜೋಡಿಸಿದರು. ಪ್ರಸಾರವಾದ ರಾತ್ರಿ ಮನೆಯಲ್ಲಿ ಕುಳಿತು ಕೇಳಿದೆ. ತಡೆಯಿಲ್ಲದೆ, ಅಂಜಿಕೆಯಿಲ್ಲದೆ ಪಂಪನ ಕರ್ಣನನ್ನು ಕುರಿತು ಮಾತನಾಡುತ್ತಿದ್ದ ಆ ಮನುಷ್ಯ ನಾನೇ ಆಗಿದ್ದೆ. ಅವನು ಸುಳ್ಳು ಎಂದು ನನಗೆ ಅನ್ನಿಸಲಿಲ್ಲ. ಅಷ್ಟು ವರ್ಷ ತರಗತಿಯಲ್ಲಿ ಹೊರಬರಲಾಗದೆ ಒಳಗೇ ಉಳಿದಿದ್ದವನು ಅವನು. ಹದಿನೈದು ವರ್ಷದ ಹಿಂದಿನ ಗೆಳೆಯನ ಮಾತು ಅಂದು ನೆನಪಾಯಿತು.

ಕೆಲವು ದಿನಗಳ ಮೇಲೆ ಹಳೆಯ ವಿದ್ಯಾರ್ಥಿಯೊಬ್ಬ ಬಸ್ ನಿಲ್ದಾಣದಲ್ಲಿ ಸಿಕ್ಕಿ, "ಸಾರ್, ರೇಡಿಯೋದಲ್ಲಿ ತುಂಬ ಚೆನ್ನಾಗಿ ಬಂತು. ಕರ್ಣನ ಪಾಠ ನೀವು ಕ್ಲಾಸಲ್ಲೂ ಮಾಡಿದ್ರಿ, ಆದ್ರೆ ಹಿಂದಿನ ಬೆಂಚಿಗೆ ಆಗ ಏನೂ ಕೇಳಿಸ್ತಿರಲಿಲ್ಲ" ಎಂದ. ಹೊಗಳಿಕೆಯೂ ಹೌದು, ಇರಿತವೂ ಹೌದು. ಏಕೆಂದರೆ ಸ್ಟುಡಿಯೋದ ಗಾಜಿನ ಕೋಣೆಯಲ್ಲಿ ಹುಬ್ಬು ಗಂಟಿಕ್ಕುವ ಹುಡುಗನಿಲ್ಲ. ಅರ್ಥವಾಗಲಿಲ್ಲವೆಂದು ಎದ್ದು ನಿಲ್ಲುವವರಿಲ್ಲ. ತರಗತಿಯಲ್ಲಿ ನಾನು ಕೊಡಬೇಕಾಗಿದ್ದದ್ದು ತರಗತಿಯಲ್ಲಿಯೇ ಸಲ್ಲಬೇಕಾಗಿತ್ತು. ಆ ಬಾಕಿಯನ್ನು ಬಾನುಲಿ ತೀರಿಸಲಾರದು. ಆದರೆ ಬಾನುಲಿಯಲ್ಲಿ ಆಡಿದ ಮಾತು ಅದರಿಂದ ಸುಳ್ಳಾಗುವುದೂ ಇಲ್ಲ.

ಆ ಗೆಳೆಯ ಈಗಿಲ್ಲ. ಅವನ ಗಾಯಕರನ್ನು ಮೋಸಗಾರರೆಂದು ಕರೆದ ಮಾತನ್ನು ಅವನೆದುರಿಗೆ ಹಿಂತೆಗೆದುಕೊಳ್ಳುವ ಅವಕಾಶ ನನಗೆ ಸಿಗಲಿಲ್ಲ; ಇಂದು ನಿಮ್ಮೆದುರಿಗೆ ಹಿಂತೆಗೆದುಕೊಳ್ಳುತ್ತಿದ್ದೇನೆ. ಹಿಂದಿನ ಬೆಂಚಿನವರಿಗೂ ಇದು ಕೇಳಿಸಿದ್ದರೆ ನನಗೆ ಅಷ್ಟು ಸಾಕು.